ಗಾಳಿಗೆ ಬಿಟ್ಟ ತೋಳು

ಮಾರ್ಚ್ 27

ಬೆಳಿಗ್ಗೆ ಎದ್ದವಳೇ ಸೇಫ್ಟಿ ಶೂ ಹಾಕಿಕೊಂಡೆ. ಲೇಸು ಕಟ್ಟಿದ ಮೇಲೆ ನೆನಪಾಯಿತು, ಲಾಕ್‌ಡೌನ್, ಎಲ್ಲಿಗೂ ಹೋಗುವಂತಿಲ್ಲ. ಅತ್ತೆ ನೋಡಿಬಿಟ್ಟರು. "ಅಡುಗೆಮನೆಗೆ ಹೋಗೋಕೆ ಬೂಟು ಬೇಕೇನಮ್ಮ?" ಬಾಯಿ ಮುಚ್ಚಿಕೊಂಡು ಬಿಚ್ಚಿಟ್ಟೆ.

ದೂರ ಇರಿ, ದೂರ ಇರಿ ಅಂತ ಎಲ್ಲರದೂ ಉಪದೇಶ. ಟವರ್ ಕ್ರೇನ್ ಓಡಿಸುವವಳಿಗೆ ಇದನ್ನು ಹೇಳಿಕೊಡಬೇಕೇ? ದಿನವಿಡೀ ಆಕಾಶದಲ್ಲಿ ಒಂದು ಗಾಜಿನ ಡಬ್ಬಿ, ಒಂದು ಕುರ್ಚಿ, ನಾನು. ಕೆಳಗಿನಿಂದ ಪೀಪಿ ಕೈ ಮಾಡಿದರೆ ಎತ್ತುತ್ತೇನೆ, ಇಳಿಸುತ್ತೇನೆ. ನಮ್ಮ ಸಿಗ್ನಲ್‌ಮನ್. ಬಾಯಲ್ಲಿ ಸದಾ ವಿಷಲ್, ಅದಕ್ಕೇ ಆ ಹೆಸರು.

ಈಗ ಎರಡು ಕೋಣೆ, ಮೂರು ಜನ. ಗಂಡ ಸ್ಕೂಲ್ ವ್ಯಾನ್ ಡ್ರೈವರ್, ಅವನೂ ಮನೆಯಲ್ಲೇ. ಮಾತಿಗೆ ಮುಂಚೆ ಹಾರ್ನ್ ಹೊಡೆದ ಹಾಗೆ ಗಂಟಲು ಸರಿಮಾಡಿಕೊಳ್ಳುವ ಚಾಳಿ ಅವನದು. ಹಾಗೆ ಮಾಡಿದಾಗಲೆಲ್ಲ ಅತ್ತೆ ಮೂಗಿಗೆ ಟವೆಲ್ ಹಿಡಿಯುತ್ತಾರೆ. ಹೆತ್ತ ಮಗ ಅಂತಲೂ ನೋಡುವುದಿಲ್ಲ.

ಮಾರ್ಚ್ 30

ಟೆರೇಸಿಗೆ ಹೋಗಿದ್ದೆ. ಅಲ್ಲಿಂದ ನಮ್ಮ ಕ್ರೇನ್ ಕಾಣುತ್ತದೆ. ಇಷ್ಟು ವರ್ಷ ಅದರ ಹೊಟ್ಟೆಯೊಳಗೆ ಕೂತವಳು, ಹೀಗೆ ಪುರುಸೊತ್ತಾಗಿ ದೂರದಿಂದ ನೋಡಿದ್ದೇ ಇಲ್ಲ. ಅಬ್ಬಾ! ಇಷ್ಟು ದೊಡ್ಡದೇ? ಊರೆಲ್ಲ ಸದ್ದಡಗಿದೆ, ಅದೊಂದು ತೋಳು ಚಾಚಿ ನಿಂತಿದೆ.

ಹೊಗೆ ಧೂಳು ಎಲ್ಲ ಹೋಗಿ ಆಕಾಶ ತೊಳೆದಿಟ್ಟ ಹಾಗಿದೆ. ಅದರ ತುದಿಯಲ್ಲಿ ಬೆಟ್ಟದ ಸಾಲು. ಅಲ್ಲಿ ಬೆಟ್ಟ ಇತ್ತೇ? ಕ್ಯಾಬಿನ್ನಿನಿಂದ ಒಂದು ದಿನವೂ ಕಂಡಿರಲಿಲ್ಲ. ಅತ್ತೆಯನ್ನು ಕೈಹಿಡಿದು ಹತ್ತಿಸಿ ತೋರಿಸಿದೆ. ತುಂಬ ಹೊತ್ತು ಮಾತೇ ಆಡಲಿಲ್ಲ. ಬೆಟ್ಟಕ್ಕಿಂತ ಅದೇ ದೊಡ್ಡ ಆಶ್ಚರ್ಯ.

ಏಪ್ರಿಲ್ 2

ಕೆಳಗಿನ ಮನೆಯ ದರ್ಜಿಗೆ ಕೊರೊನಾ ಪಾಸಿಟಿವ್. ಬೀದಿ ಸೀಲ್. ಎರಡೂ ತುದಿಗೆ ತಗಡು ಬಡಿದಿದ್ದಾರೆ. ಹಾಲು, ತರಕಾರಿ ಎಲ್ಲ ತಗಡಿನ ಮೇಲಿಂದ. ಗಂಡ ಸೊಪ್ಪನ್ನು ಸೋಪು ಹಾಕಿ ತೊಳೆದ. ಸಾರಿನಲ್ಲಿ ನೊರೆ.

ಏಪ್ರಿಲ್ 3

ಸ್ನಾನ ಮಾಡುವಾಗ ಹೊಳೆಯಿತು. ಚೊಂಬು ಕೈಯಲ್ಲೇ ಉಳಿಯಿತು.

ಕ್ಯಾಬಿನ್ ಬಿಟ್ಟು ಇಳಿಯುವ ಮುಂಚೆ ತೋಳಿನ ಬ್ರೇಕ್ ಸಡಿಲ ಮಾಡಬೇಕು. ಆಗ ಗಾಳಿ ಹೋಗುವ ಕಡೆಗೆ ತೋಳು ತಾನೇ ತಿರುಗಿಕೊಳ್ಳುತ್ತದೆ. ಬಿಗಿದಿದ್ದರೆ ಗಾಳಿಗೆ ಅಡ್ಡ ನಿಲ್ಲುತ್ತದೆ. ಬಿರುಗಾಳಿ ಬಂದರೆ ಟವರ್ ಸಮೇತ ಉರುಳಬಹುದು. ಕೊನೆಯ ದಿನ ಬ್ರೇಕ್ ಬಿಟ್ಟೆನೇ?

ಮಧ್ಯಾಹ್ನವೇ ಎಲ್ಲರೂ ಹೊರಡಿ, ಬಸ್ಸು ನಿಲ್ಲುತ್ತವೆ ಅಂತ ಗಲಾಟೆ. ಪೀಪಿ ಒಂದೇ ಸಮ ಊದಿದ್ದ. ಊಟದ ಡಬ್ಬಿ ಬ್ಯಾಗಿಗೆ ಹಾಕಿದ್ದು ನೆನಪಿದೆ. ಫ್ಯಾನ್ ಆರಿಸಿದ್ದು ನೆನಪಿದೆ. ಬ್ರೇಕ್ ಬಿಡುವ ಹಿಡಿ ಎಳೆದದ್ದು... ಎಳೆದದ್ದೇನೋ ಕಣ್ಣಿಗೆ ಕಟ್ಟುತ್ತದೆ, ಯಾವ ದಿನದ್ದು ಅಂತ ಗೊತ್ತಾಗುವುದಿಲ್ಲ. ದಿನಾ ಮಾಡುವ ಕೆಲಸ.

ಕ್ರೇನಿನ ಬುಡದಲ್ಲೇ ಪೀಪಿಯ ಶೆಡ್ಡು. ಕಾವಲಿಗೆ ಅವನೊಬ್ಬ ಉಳಿದಿದ್ದಾನೆ. ಜೊತೆಗೆ ಹೆಂಡತಿ, ಹಸುಗೂಸು. ಗೋಡೆಯಾಚೆ ಸಾಲು ಮನೆಗಳು, ಎಲ್ಲದರಲ್ಲೂ ಜನ.

ಏಪ್ರಿಲ್ 5

ಎಲೆ ಅಲ್ಲಾಡುತ್ತಿಲ್ಲ. ತೋಳು ಸುಮ್ಮನೆ ನಿಂತಿದೆಯೋ ಬಿಗಿದು ನಿಂತಿದೆಯೋ, ಹೇಗೆ ಹೇಳಲಿ?

ಸೈಟ್ ಇಂಜಿನಿಯರ್‌ಗೆ ಫೋನ್ ಮಾಡಿದೆ. "ಪಾಸ್‌ಗೆ ಅರ್ಜಿ ಹಾಕಿದೀನಿ ಮೇಡಂ. ಸೀಲ್ ಆಗಿರೋ ಬೀದಿಯಿಂದ ಯಾರನ್ನೂ ಬಿಡಲ್ವಂತೆ. ಬೇರೆ ಆಪರೇಟರ್ ಹುಡುಕ್ತಿದೀನಿ, ಎಲ್ರೂ ಊರು ಸೇರ್ಕೊಂಡಿದಾರೆ." ತಗಡಿನ ಹತ್ತಿರ ಹೋಗಿ ಪೊಲೀಸಿನವನಿಗೆ ಹೇಳಿದೆ. "ದಿನಾ ಒಬ್ಬೊಬ್ಬರು ಒಂದೊಂದು ಕಥೆ ಹೇಳ್ತಾರೆ. ಕ್ರೇನ್ ಕಥೆ ಇದೇ ಮೊದಲು" ಅಂದ.

ಊಟ ಸೇರಲಿಲ್ಲ. ಅತ್ತೆ ಏನೂ ಕೇಳದೆ ತಟ್ಟೆ ಮುಚ್ಚಿಟ್ಟರು.

ಏಪ್ರಿಲ್ 9, ಬೆಳಿಗ್ಗೆ

ಗಾಳಿ ಬಂತು. ಎದುರು ಮನೆಯ ಪರದೆ ಹೊರಗೆ ಹಾರಿತು, ಒಣಹಾಕಿದ್ದ ಬಟ್ಟೆ ಎದ್ದು ಕುಣಿದವು. ಕ್ರೇನ್ ಕಡೆ ನೋಡಿದೆ. ತೋಳು ಕದಲಲಿಲ್ಲ. ಬಿಗಿದೇ ಇದೆ. ಮರೆತವಳು ನಾನೇ.

ಸಂಜೆಗೆ ಬಿರುಗಾಳಿಯಂತೆ, ಟಿವಿಯಲ್ಲಿ ಹೇಳುತ್ತಿದ್ದಾರೆ. ಪೀಪಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ಮಗು ಎತ್ಕೊಂಡು ಎಲ್ಲಾದ್ರೂ ಹೋಗು" ಅಂದೆ.

"ಎಲ್ಲಿಗಕ್ಕಾ? ಗೇಟ್ ದಾಟಿದ್ರೆ ಪೊಲೀಸ್ರು ವಾಪಸ್ ಅಟ್ತಾರೆ. ನಾವು ಹೋದ್ವಿ ಅಂತಿಟ್ಕೊಳ್ಳಿ, ಗೋಡೆ ಆಚೆಯವರು?"

ಆಮೇಲೆ ಅವನೇ ಕೇಳಿದ. "ನಾನು ಹತ್ತಲಾ?"

ಸ್ಟೂಲ್ ಹತ್ತಿದರೂ ಕಾಲು ನಡುಗುವ ಮನುಷ್ಯ. ಅದಕ್ಕೇ ನೆಲದ ಕೆಲಸ ಹಿಡಿದವನು. ಹತ್ತು ಅನ್ನಲು ನನಗೆ ಬಾಯಿ ಬರಲಿಲ್ಲ. ಬೇಡ ಅನ್ನಲೂ ಬರಲಿಲ್ಲ.

ಅದೇ ದಿನ, ಸಂಜೆ

ಅಕ್ಷರ ಸೊಟ್ಟ ಬರುತ್ತಿದೆ. ಆದದ್ದು ಆದ ಹಾಗೆ ಬರೆಯುತ್ತೇನೆ.

ಟೆರೇಸಿನಲ್ಲಿ ಮೂವರೂ ನಿಂತಿದ್ದೆವು. ಫೋನ್ ಸ್ಪೀಕರಿನಲ್ಲಿ. ಅಲ್ಲಿ ಪೀಪಿ ಸೇಫ್ಟಿ ಬೆಲ್ಟ್ ಹಾಕಿಕೊಂಡು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಏಣಿ ಹಿಡಿದ. ಏಣಿ ಮೇಲೆ ಒಂದು ಹಳದಿ ಚುಕ್ಕೆ, ಅದೇ ಅವನು.

"ಕೆಳಗೆ ನೋಡ್ಬೇಡ. ಕೈಯಲ್ಲಿರೋ ಕಂಬಿ ನೋಡು."

"ಕಣ್ಣೇ ಮುಚ್ಚಿದೀನಿ ಅಕ್ಕಾ."

"ಮುಚ್ಕೊಂಡೇ ಹತ್ತು. ಬೆಲ್ಟ್ ಮಾತ್ರ ಬಿಡ್ಬೇಡ."

ಅರ್ಧಕ್ಕೆ ಚುಕ್ಕೆ ನಿಂತಿತು. ಉಸಿರಷ್ಟೇ ಕೇಳಿಸುತ್ತಿತ್ತು. ಆಗಲ್ಲ ಅಕ್ಕಾ, ಆಗಲ್ಲ ಅಂದ. ಬೆಟ್ಟದ ಕಡೆಯಿಂದ ಕಪ್ಪು ಮೋಡ ಏಳುತ್ತಿತ್ತು. ಅಷ್ಟರಲ್ಲಿ ಫೋನಿನಲ್ಲಿ ವಿಷಲ್ ಕೇಳಿಸಿತು. ಕೆಳಗಿನಿಂದ ಅವನ ಹೆಂಡತಿ ಊದುತ್ತಿದ್ದಳು. ಎರಡು ಸಲ. ಮತ್ತೆ ಎರಡು ಸಲ. ನಮ್ಮ ಕೆಲಸದಲ್ಲಿ ಎರಡು ಅಂದರೆ ಮೇಲಕ್ಕೆ. ಅವಳಿಗೆ ಯಾರು ಕಲಿಸಿದರೋ, ಶೆಡ್ಡಿನಲ್ಲಿ ಕೂತು ದಿನವಿಡೀ ಕೇಳಿಯೇ ಕಲಿತಿರಬೇಕು. ಚುಕ್ಕೆ ಕದಲಿತು. ಅತ್ತೆ ನನ್ನ ಕೈ ಹಿಡಿದುಕೊಂಡಿದ್ದು ಆಗ ಗೊತ್ತಾಯಿತು, ಬಳೆ ಒತ್ತಿ ನೋಯುತ್ತಿತ್ತು.

ಮೇಲೆ ತಲುಪಿದ. ಮೋಟಾರಿನ ಪಕ್ಕ ಕೆಂಪು ಹಿಡಿ, ಕೆಳಕ್ಕೆ ಎಳೆದು ಕೊಕ್ಕೆಗೆ ಸಿಕ್ಕಿಸು ಅಂದೆ. ಫೋನಿನಲ್ಲಿ ಗಾಳಿಯ ಸದ್ದಷ್ಟೇ. "ಪೀಪಿ?"

"ಅಕ್ಕಾ... ಕಣ್ಣು ಬಿಟ್ಟೆ."

"ಏನಾಯ್ತು?"

"ರಸ್ತೆಲಿ ಒಬ್ಬರೂ ಇಲ್ಲ. ಮನೆ, ಮನೆ, ಮನೆ... ಕಣ್ಣು ಹಾಯೋವರೆಗೂ. ಎಲ್ಲಾ ಒಳಗಿದಾರಲ್ವಾ? ಒಬ್ರಿಗೊಬ್ರು ಏನೂ ಆಗ್ದಿರ್ಲಿ ಅಂತ, ಇಷ್ಟೂ ಜನ?"

ಗಂಡ ಗಂಟಲು ಸರಿಮಾಡಿಕೊಂಡ. ಅತ್ತೆ ಟವೆಲ್ಲಿಗೆ ಕೈ ಹಾಕಲಿಲ್ಲ.

"ಹೌದು ಕಣೋ" ಅಂದೆ. "ಹಿಡಿ ಎಳಿ."

ಕಬ್ಬಿಣ ಕಿರುಗುಟ್ಟಿತು. ಎರಡನೇ ಸಲಕ್ಕೆ ಬ್ರೇಕ್ ಬಿಟ್ಟಿತು. ಗಾಳಿ ಮುಖಕ್ಕೆ ರಾಚಿತು, ಮತ್ತು ತೋಳು ಹೊರಟಿತು... ನಿಧಾನಕ್ಕೆ, ಅಷ್ಟು ಉದ್ದದ ಕಬ್ಬಿಣ, ಒಳಗೆ ನಡೆಸುವವರು ಯಾರೂ ಇಲ್ಲದೆ, ಬಾಗಿಲು ತೆರೆದಷ್ಟು ಸಲೀಸಾಗಿ. ನಾನೇ ಎಷ್ಟೋ ಸಾವಿರ ಸಲ ತಿರುಗಿಸಿದ್ದೇನೆ. ಆದರೂ ಅತ್ತುಬಿಟ್ಟೆ.

ಪೀಪಿ ಇಳಿದ. ಮಗು ಅಳುವುದು ಫೋನಿನಲ್ಲಿ ಕೇಳಿಸಿದ ಮೇಲೆಯೇ ನಾನು ಕೆಳಗೆ ಬಂದೆ. ಈಗ ಕಿಟಕಿ ಬಡಿಯುತ್ತಿದೆ, ದಪ್ಪ ಹನಿ ಶುರು. ಅತ್ತೆ ಮಾತ್ರ ಟೆರೇಸ್ ಬಿಟ್ಟು ಇಳಿಯುತ್ತಿಲ್ಲ. ಮಗ ಕೊಡೆ ಹಿಡಿದು ಗೋಗರೆಯುತ್ತಿದ್ದಾನೆ, ಕೇಳುವವರು ಯಾರು? "ಬಾರೇ ಬೇಗ! ಕ್ರೇನು ಪೂರ್ತಿ ಸುತ್ತು ಬರ್ತಿದೆ ನೋಡು, ಬಾರೇ!" ಅಂತ ಕೂಗುತ್ತಿದ್ದಾರೆ. ಪೆನ್ನು ಇಟ್ಟು ಹೊರಟೆ.