ಹರಿಯಲೆಂದು ಹಾಕಿದ ಹೊಲಿಗೆ

ಮಂಗಳವಾರ, ಲಾ ಬ್ರೇ

ಇಂದು ಬೆಳಿಗ್ಗೆ ನನ್ನ ನೀಲಿ ಕವರಾಲ್ ವೀರಮರಣವನ್ನಪ್ಪಿತು. ಕತ್ತಿನಿಂದ ಕಣಕಾಲಿನವರೆಗೆ ವರ್ಷಗಟ್ಟಲೆ ನನ್ನನ್ನು ಮುಚ್ಚಿ ಕಾಪಾಡಿದ್ದ ಜೀವ. ಕಾರ್ಖಾನೆಯ ಲೇತ್ ಯಂತ್ರ ಅದರ ತೋಳನ್ನು ಕಚ್ಚಿ, ಭುಜದಿಂದ ಕಿತ್ತು, ಎದೆ ಬಗೆದು, ತಿರುಗುವ ಕಂಬಿಗೆ ಸುತ್ತಿ ಸುತ್ತಿ ಬಡಿಯಿತು. ಒಂದು ಗುಂಡಿ ಹಾರಿ ಕಿಟಕಿಯ ಗಾಜು ಒಡೆಯಿತು. ಮೊಣಕೈಯ ಚರ್ಮವೂ ಅದರ ಜೊತೆಗೇ ಹೋಯಿತು. ನಾನು ಬನಿಯನ್, ಚಡ್ಡಿಯಲ್ಲಿ ಉಳಿದೆ.

ಮೇಸ್ತ್ರಿ ಎಲ್ರಾಯ್ ಓಡಿ ಬಂದು ಯಂತ್ರ ನಿಲ್ಲಿಸಿದ. "ಬಟ್ಟೆ ಲಡ್ಡಾಗಿತ್ತು, ಬದುಕ್ಕೊಂಡೆ ಕಣೋ ಬೂದ್ರಾಮ. ಗಟ್ಟಿಯಾಗಿದ್ರೆ ನಿನ್ನ ಕೈನೂ ಅಲ್ಲೇ ಸುತ್ಕೊಂಡಿರೋದು." ಆಮೇಲೆ ಕೆಳಗೆ ನೋಡಿ, "ಈ ಕಡ್ಡಿ ಕಾಲಲ್ಲೇನೋ ನೀನು ಕಾರ್ನಿವಲ್‌ನಲ್ಲಿ ಕುಣಿಯೋದು?" ಎಂದ.

ನನಗೆ ನಗು ಬರಲಿಲ್ಲ. ಮನೆಯ ಗೂಟದಲ್ಲಿ ನೇತಾಡುತ್ತಿದ್ದ ಹೊಸ ಕವರಾಲ್ ನೆನಪಾಯಿತು. ಹೊಲಿಗೆ ಬಿಡುತ್ತದೆಂದು ನಾನೇ ಗೊಣಗಿದ್ದಕ್ಕೆ, ನನ್ನ ಹೆಂಡತಿ ಸುಮಿಂತ್ರಾ ಅದರ ತೋಳುಗಳಿಗೆ ಮೀನಿನ ಗಾಳದ ದಾರದಿಂದ ಎರಡನೇ ಹೊಲಿಗೆ ಹಾಕಿಟ್ಟಿದ್ದಳು.

ಸಂಜೆ ನಡೆದದ್ದನ್ನು ಹೇಳಿದೆ. ರೊಟ್ಟಿ ಬೇಯಿಸುತ್ತಿದ್ದವಳು ತವಾ ಕೆಳಗಿಳಿಸಿದಳು. "ಅಂದ್ರೆ ಭಾನುವಾರ ಪೂರ್ತಿ ಕೂತು ನಿಮ್ಮ ಕೈ ಕೀಳಿಸೋಕೆ ಹೊಲಿದೆನಾ?"

ಅವಳು ಬ್ಲೇಡು ತಂದಳು.

ಈಗ ದೀಪದ ಕೆಳಗೆ ಕುಳಿತು ಗಾಳದ ದಾರವನ್ನೂ ಅಂಗಡಿಯ ಹೊಲಿಗೆಯನ್ನೂ ಬಿಚ್ಚಿ, ಸವಕಲು ನೂಲಿನಿಂದ ಸಡಿಲವಾಗಿ ತೋಳು ಕೂರಿಸುತ್ತಿದ್ದಾಳೆ. ಒಮ್ಮೆ ಜಗ್ಗುತ್ತಾಳೆ, ತೋಳು ಕಿತ್ತು ಕೈಗೆ ಬಂದರೆ ಮುಖದಲ್ಲಿ ಸಮಾಧಾನ, ಮತ್ತೆ ಹೊಲಿಗೆ. ಕಣ್ಣು ಮಾತ್ರ ಒರೆಸಿಕೊಳ್ಳುತ್ತಲೇ ಇದ್ದಾಳೆ.

"ಬನ್ರೀ, ಹಾಕ್ಕೊಳ್ಳಿ. ನೀವು ಒಳಗಿದ್ದಾಗ್ಲೂ ಕಿತ್ತು ಬರುತ್ತಾ ನೋಡ್ಬೇಕು."

ಹೋಗಬೇಕು. ಲೇತ್ ಯಂತ್ರವನ್ನಾದರೂ ನಿಲ್ಲಿಸಲು ಎಲ್ರಾಯ್ ಇದ್ದ, ಇಲ್ಲಿ ಇವಳನ್ನು ನಿಲ್ಲಿಸಲು ಯಾರಿದ್ದಾ—