ಅತ್ತೆ ನೋಡದ ಸೋಪು

ಅತ್ತೆ,

ನಾವಿಬ್ಬರೂ ಚೆನ್ನಾಗಿದ್ದೀವಿ. ಸೋಪಿನ ವಿಷಯದಲ್ಲಿ ಮಾತ್ರ ಹಾಗೆ ಹೇಳೋ ಧೈರ್ಯ ಇಲ್ಲ.

ನೀವು ಮುನಿಸಿಕೊಂಡು ಮಗಳ ಮನೆಗೆ ಹೋದ ದಿನ ಅಚ್ಚಿಗೆ ಸುರಿದಿದ್ದ ಕೊಬ್ಬರಿ ಎಣ್ಣೆ ಸೋಪು ಈಗ ಗಟ್ಟಿಯಾಗಿದೆ. ಒಳಗಿನ ಕಾಸ್ಟಿಕ್ ಸೋಡಾದ ಉರಿ ಪೂರ್ತಿ ಇಳಿದಿದೆಯೋ ಇಲ್ಲವೋ ತಿಳೀತಿಲ್ಲ. ಮಕ್ಕಳ ಮೈಗೆ ಹಚ್ಚೋ ಸೋಪು, ಹಾಗೇ ಮಾರೋಕೆ ಮನಸ್ಸಾಗಲ್ಲ.

"ನಾಲಿಗೆ ಇಟ್ಟು ನೋಡಬೇಡಿ ಅತ್ತೆ, ಅಸಹ್ಯ" ಅಂತ ಅವತ್ತು ಗಿರಾಕಿ ಎದುರಿಗೇ ನಿಮಗೆ ಅಂದವಳು ನಾನು, ಸೋಪಿನ ಉರಿ ನೀವು ನೋಡೋದೇ ಹಾಗೆ ಅಂತ ಗೊತ್ತಿದ್ದೂ. ನಿನ್ನೆ ಬಾಗಿಲು ಹಾಕಿಕೊಂಡು ನಾನೂ ನಾಲಿಗೆ ಇಟ್ಟೆ. ಚುರುಕ್ ಅಂದಿದ್ದು ಸೋಪೋ, ನನ್ನ ಹೆದರಿಕೆಯೋ ಗೊತ್ತಾಗಲಿಲ್ಲ. ನಿಮ್ಮ ಮಗನಿಗೆ ಕೊಟ್ಟೆ. "ಚೆನ್ನಾಗಿದೆ" ಅಂದ್ರು. ಉಪ್ಪು ಮರೆತ ಅಡುಗೆಗೂ ಅವರು ಅನ್ನೋದು ಅದನ್ನೇ, ಹೇಗೆ ನಂಬಲಿ?

ಈ ಕಾಗದದ ಜೊತೆ ಒಂದು ತುಂಡು ಕಳಿಸೋಣ, ನೀವೇ ನೋಡಿ ಹೇಳಿ ಅಂತ ಪೊಟ್ಟಣ ಕಟ್ಟಿದ್ದೆ. ದಾರ ಬಿಗಿದು, ವಿಳಾಸ ಬರೆದು, ಆಮೇಲೆ ಮತ್ತೆ ಬಿಚ್ಚಿಟ್ಟೆ.

ಕಳಿಸಿದರೆ ನೀವು ಅಲ್ಲಿಂದಲೇ ಹೇಳಿಬಿಡ್ತೀರಿ.

ನಿಮ್ಮ ಸೊಸೆ