ಅಪ್ಪನ ನಾಲ್ಕು

ಬೈಂಡಿಂಗ್ ಕೋಣೆ, ಕಿಟಕಿ ಪಕ್ಕದ ಮೇಜು
ಮಾರ್ಚ್ ೧೧, ಮಂಗಳವಾರ, ಊಟದ ಬಿಡುವು

ಪ್ರೀತಿಯ ಅಪ್ಪಾ,

ಮಂಡಿನೋವು ಹೇಗಿದೆ? ಅತ್ತೆ ಮನೆಯ ಮೆಟ್ಟಿಲು ಹತ್ತಿಳಿದು ಹೆಚ್ಚೇ ಆಗಿರಬೇಕು. ಕೇಳಿದರೆ ನೀವು "ಏನಿಲ್ಲ" ಅನ್ನುತ್ತೀರಿ. ಆ "ಏನಿಲ್ಲ"ದೊಳಗೆ ಏನೇನಿರುತ್ತದೆ ಎಂದು ಅಮ್ಮನಿಗೆ ಚೆನ್ನಾಗಿ ಗೊತ್ತು. ಅಮ್ಮ ಆರಾಮಾಗಿದ್ದಾಳೆ. ಜಗಳಕ್ಕೆ ನೀವು ಸಿಗದೆ ರೇಡಿಯೊ ಜೊತೆ ವಾದ ಮಾಡುತ್ತಾಳೆ. ಅದೂ ಸೋಲೊಪ್ಪುವುದಿಲ್ಲ, ಆ ಮಟ್ಟಿಗೆ ಮನೆಯಲ್ಲಿ ನಿಮ್ಮ ಕೊರತೆ ಕಾಣುತ್ತಿಲ್ಲ. "ಎರಡೇ ದಿನ, ತಂಗೀನ ನೋಡ್ಕೊಂಡು ಬರ್ತೀನಿ" ಎಂದು ಹೋದವರು ನೀವು. ಇವತ್ತಿಗೆ ಆರು ವಾರ. ನೀವು ನನಗೆ ಬೆನ್ನು ತೋರಿಸಿ ಹೋದಿರಿ, ನಾನಿಲ್ಲಿ ದಿನವಿಡೀ ಪುಸ್ತಕಗಳ ಬೆನ್ನು ನೋಡುತ್ತಿದ್ದೇನೆ.

ಯಾಕೆ ಹೋದಿರೆಂದು ಇಬ್ಬರಿಗೂ ಗೊತ್ತು. ಅಂಟು ಹಚ್ಚಲು ಹಳೆ ಚಕ್ರವೋ ಹೊಸ ಯಂತ್ರವೋ ಎಂದು ಪ್ರೆಸ್ಸಿನ ಯಜಮಾನರು ಎಲ್ಲರೆದುರು ಕೇಳಿದಾಗ, ನಿಮ್ಮ ಪಕ್ಕದಲ್ಲೇ ನಿಂತು ನಾನು "ಚಕ್ರದ ಕಾಲ ಮುಗೀತು ಬಿಡಿ" ಅಂದೆ. ನೀವು ಏಪ್ರನ್ ಬಿಚ್ಚಿ ಮಡಿಸಿಟ್ಟಿರಿ. ಅದು ಇನ್ನೂ ಅದೇ ಮೊಳೆಯ ಕೆಳಗೆ, ಅದೇ ಮಡಿಕೆಯಲ್ಲಿದೆ.

ಈಗ ಸುದ್ದಿ ಕೇಳಿ, ನಗುವುದಕ್ಕೆ ನಿಮಗೆ ಪೂರ್ತಿ ಹಕ್ಕಿದೆ. ನಿಮ್ಮದು ತೆರೆದ ತೊಟ್ಟಿ: ಒಳಗೆ ಕುದಿಕುದಿ ಅಂಟು, ಅದರಲ್ಲಿ ಅರ್ಧ ಮುಳುಗಿ ತಿರುಗುವ ಚಕ್ರ, ಅದರ ಮೇಲೆ ಪುಸ್ತಕದ ಬೆನ್ನನ್ನು ಕೈಯಲ್ಲೇ ಎಳೆಯಬೇಕು. ಹೊಸದರಲ್ಲಿ ಅಂಟು ಕಣ್ಣಿಗೇ ಬೀಳುವುದಿಲ್ಲ. ಮುಚ್ಚಿದ ಡಬ್ಬಿಯಲ್ಲಿ ಕರಗಿ, ಬಿಸಿ ಕೊಳವೆಯೊಳಗೆ ಹರಿದು, ತುದಿಯ ಸಣ್ಣ ಮೂತಿಯಿಂದ ಬೆನ್ನಿನ ಮೇಲೆ ಗೆರೆ ಎಳೆಯುತ್ತದೆ. ಅದನ್ನು ಜೋಡಿಸಲು ಬಂದ ಮೆಕ್ಯಾನಿಕ್‌ಗೆ ನಾನು ಮೂತಿರಾಯ ಎಂದು ಹೆಸರಿಟ್ಟೆ. ಅವನು ಕೇಳಿದ: "ಅಂಟು ಬಿದ್ಮೇಲೆ ರಟ್ಟು ಒತ್ತೋಕೆ ಎಷ್ಟು ಸೆಕೆಂಡ್ ಬಿಡ್ಲಿ ಮೇಡಂ?" ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆದದ್ದು ನನಗೆ ಬಾಯಿಪಾಠ: ಎಳಿ, ನಾಲ್ಕು ಎಣಿಸು, ಒತ್ತು. "ನಾಲ್ಕು" ಅಂದೆ, ಗತ್ತಿನಿಂದ. ನಾಲ್ಕು ಜನರ ಮುಂದೆಯೇ ಅಂದೆ.

ಶಾಲೆಯೊಂದಕ್ಕೆ ನಾನೂರು ನಿಘಂಟು ತಯಾರಾದವು. ತಣ್ಣಗಾದ ಮೇಲೆ ಒಂದರ ರಟ್ಟನ್ನಾದರೂ ನಿಮ್ಮ ಹಾಗೆ ಎಳೆದು ನೋಡಬೇಕಿತ್ತು, ನೋಡಲಿಲ್ಲ. ಒಯ್ಯಲು ಬಂದ ಮೇಷ್ಟ್ರು ಮೇಲಿನದನ್ನೇ ತೆರೆದರು. ರಟ್ಟು ಒಂದು ಕೈಗೆ ಬಂತು, ನಿಘಂಟು ಇನ್ನೊಂದಕ್ಕೆ. "ಏನಮ್ಮಾ, ಸ್ನಾನಕ್ಕೆ ಹೊರಟಿದೆಯಾ ಇದು? ಬಟ್ಟೆ ಬಿಚ್ಚಿದೆ" ಅಂದರು. ಯಜಮಾನರು ನಗಲಿಲ್ಲ. "ಯಾವ್ದನ್ನ ವಾಪಸ್ ಕಳಿಸ್ಲಿ, ಮಿಶನ್ನಾ, ನಿನ್ನಾ?" ಎಂದು ಕೇಳಿ ಒಳಗೆ ಹೋದರು.

ಮನೆಗೆ ಬಂದು ಅಮ್ಮನ ಮುಂದೆ ಅತ್ತೆ. (ನಿಮ್ಮ ತಂಗಿಯಲ್ಲ, ನಾನು.) ಪೂರ್ತಿ ಕೇಳಿ ಅಮ್ಮ ಅಂದಳು: "ನಿಮ್ಮಪ್ಪನ ನಾಲ್ಕನ್ನ ನಂಬಿದ್ಯಾ? ನಿನ್ನ ಹಾಲುಹಲ್ಲು ಕೀಳೋವಾಗ ನಾಲ್ಕು ಎಣಿಸಿ ಕೀಳ್ತೀನಿ ಅಂದ್ರು. ನಿನ್ನ ಕಿವಿಗೆ ‘ಎರಡು’ ಬೀಳೋಷ್ಟರಲ್ಲಿ ಹಲ್ಲು ಅವರ ಅಂಗೈಲಿತ್ತು!" ಸ್ಟಾಪ್‌ವಾಚ್ ಹಿಡಿದು, ನಿಮ್ಮ ಹಾಗೆ ಎಣಿಸೆಂದು ಅಮ್ಮನಿಗೆ ಹೇಳಿದೆ. ಒಂದ್ರಡ್ಮೂರ್ನಾಕ್. ಒಂದೂವರೆ ಸೆಕೆಂಡ್! ಯಂತ್ರ ಪಾಪ ಪ್ರಾಮಾಣಿಕ, ನಿಜವಾದ ನಾಲ್ಕು ಸೆಕೆಂಡು ಕಾದಿದೆ. ಅಷ್ಟರಲ್ಲಿ ಅಂಟಿನ ಮೇಲೆ ಕೆನೆಯಂತೆ ಪೊರೆ ಕಟ್ಟಿದೆ, ಆಮೇಲೆ ಒತ್ತಿದ ರಟ್ಟು ಸುಮ್ಮನೆ ಒರಗಿಕೊಂಡಿದೆ, ಅಷ್ಟೇ.

ಯಂತ್ರಕ್ಕೆ ಒಂದೂವರೆ ಎಂದು ಹೇಳಿಕೊಟ್ಟಾಯಿತು. ಆದರೆ ಆ ನಾನೂರು? ಮೂತಿಗೆ ಹೊಸ ಅಂಟು ಸುರಿಯಲು ಬರುತ್ತದೆಯೇ ಹೊರತು ಆರಿದ್ದನ್ನು ಕರಗಿಸಲು ಬರುವುದಿಲ್ಲ. ಮೂಲೆಯಲ್ಲಿ ಗೋಣಿ ಹೊದ್ದು ಗುಜರಿ ಗಾಡಿಗೆ ಕಾಯುತ್ತಿದ್ದ ನಿಮ್ಮ ಚಕ್ರವನ್ನು ಕಾಯಿಸಿದೆ. ಬಿಸಿ ಚಕ್ರದ ಮೇಲೆ ಬೆನ್ನನ್ನು ಎಳೆದರೆ ಹಳೆ ಅಂಟೂ ಬೆಣ್ಣೆಯಾಗುತ್ತದೆ. ಎಳೆದೆ, ನಿಮ್ಮ ನಾಲ್ಕು ಎಣಿಸಿದೆ, ಒತ್ತಿದೆ. ನಾನೂರು ಸಲ, ಎರಡು ದಿನ. ಮೇಷ್ಟ್ರು ಬಂದು ಒಂದರ ರಟ್ಟನ್ನು ಬಲವಾಗಿ ಎಳೆದರು. ರಟ್ಟಿನ ಕಾಗದ ಹರಿಯಿತು, ಅಂಟು ಬಿಡಲಿಲ್ಲ. "ಅಪ್ಪನ ಮಗಳು" ಅಂದರು. ಮುಂಗೈಗೆ ಒಂದು ಹನಿ ಸಿಡಿದು ಸುಟ್ಟಿದೆ, ಗಾಬರಿ ಬೇಡ. ಅಮ್ಮ ಮುಲಾಮು ಹಚ್ಚುತ್ತ "ಅಪ್ಪನ ಸಹಿ ಹಾಕಿಸ್ಕೊಂಡು ಬಂದ್ಯಾ?" ಅಂದಳು.

ಅತ್ತೆಗೆ ನನ್ನ ನಮಸ್ಕಾರ ತಿಳಿಸಿ. ನಿಮ್ಮ ಮಂಡಿಗೂ ನಿಮ್ಮ ಹಟಕ್ಕೂ ಬೇಗ ಗುಣವಾಗಲಿ.

ನಿಮ್ಮ ಲೆಕ್ಕ ನಂಬಿ ಕೆಟ್ಟು, ನಿಮ್ಮ ಲೆಕ್ಕದಿಂದಲೇ ಉದ್ಧಾರವಾದ
ಮಗಳು

ತಾ.ಕ.: ಗಂಟೆ ಹೊಡೆಯಿತು, ಬೇಗ ಬರೆಯುತ್ತೇನೆ. ರಿಪೇರಿಗೆ, ದಪ್ಪ ಪುಸ್ತಕಗಳಿಗೆ ಚಕ್ರ ಇರಲಿ, ಆದರೆ ನಡೆಸಬಲ್ಲವರು ಬಂದರೆ ಮಾತ್ರ ಎಂದಿದ್ದಾರೆ ಯಜಮಾನರು. ಶನಿವಾರದವರೆಗೆ ಗಡುವು. ನನ್ನಿಂದಾಗದು, ಎರಡೇ ದಿನಕ್ಕೆ ತೋಳು ಬಿದ್ದುಹೋಗಿದೆ. ಇನ್ನೊಂದು ಮಾತು. ಅವತ್ತು ಚಕ್ರದ ಕಾಲ ಮುಗೀತು ಅಂದಾಗ ನಾನು ನೋಡುತ್ತಿದ್ದದ್ದು ಚಕ್ರವನ್ನಲ್ಲ, ನಿಮ್ಮ ಮುಂಗೈಯನ್ನು. ಏಳು ಸುಟ್ಟ ಕಲೆ ಇವೆ ಅಪ್ಪಾ. ಅದನ್ನು ಅಲ್ಲೇ, ಬಿಸಿಯಿದ್ದಾಗಲೇ ಹೇಳಬೇಕಿತ್ತು. ಆರು ವಾರ ಪೊರೆ ಕಟ್ಟಲು ಬಿಟ್ಟೆ. ಮೊಣಕೈವರೆಗಿನ ಕೈಗವಸು ತಂದಿಟ್ಟಿದ್ದೇನೆ, ಹಾಕಿಕೊಳ್ಳಲೇಬೇಕು. ಶನಿವಾರ ಮೊದಲ ಬಸ್ಸಿಗೆ ಬನ್ನಿ. ಬಸ್ಸು ನಿಂತ ಸದ್ದು ಕೇಳಿದ ಕೂಡಲೇ ಬಾಗಿಲು ತೆಗೆದು ನಾಲ್ಕು ಎಣಿಸುತ್ತೇನೆ. ನಿಮ್ಮ ನಾಲ್ಕಲ್ಲ, ಯಂತ್ರದ ನಾಲ್ಕು. ಮಂಡಿನೋವಿದೆಯಲ್ಲ, ನಿಧಾನಕ್ಕೆ ಇಳಿಯಿರಿ.